ಸಂಗೀತದಿಂದ ಬೆಳೆಯ ಇಳುವರಿ ಹೆಚ್ಚುವುದೇ?

ಬೆಳೆಗಳಿಗೆ ಸಂಗೀತ ಕೇಳಿಸಿದರೆ ಅವು ಹುಲುಸಾಗಿ ಬೆಳೆದು ಹೆಚ್ಚು ಇಳುವರಿ ಕೊಡುತ್ತವೆ ಎಂಬ ಮಾತನ್ನು ಅನೇಕ ರೈತ ಬಾಂಧವರು ಕೇಳಿರಬಹುದು. ಪತ್ರಿಕೆಗಳಲ್ಲಿ ಆಗಾಗ್ಗೆ ಇಂತಹ ಸುದ್ದಿ ಬರುತ್ತದೆ. ತೋಟದಲ್ಲಿ ಧ್ವನಿವರ್ಧಕ ಕಟ್ಟಿ ಬೆಳಿಗ್ಗೆ, ಸಂಜೆ ವೀಣೆ, ಕೊಳಲಿನ ನಾದ ಹರಿಸುವವರೂ ಇದ್ದಾರೆ. ಇದಕ್ಕಾಗಿ ಕೈಯಿಂದ ಹಣ ಹಾಕುವ ಮುನ್ನ ರೈತನು ಎರಡು ಪ್ರಶ್ನೆ ಕೇಳಬೇಕು. ಎಕರೆಗೆ ಎಷ್ಟು ಹೆಚ್ಚು ಬಂದಿತು? ಆ ಹೆಚ್ಚಳ ಸಂಗೀತದಿಂದಲೇ ಬಂದಿತೆಂದು ಹೇಗೆ ತಿಳಿಯಿತು? ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಸಿಗುವುದು ಅಪರೂಪ.

ಚಿದಂಬರದ ಪ್ರಯೋಗಗಳು

ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ಮೊದಲ ಕೆಲಸ ನಡೆದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ. ಚಿದಂಬರದ ಬಳಿಯ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಟಿ. ಸಿ. ಸಿಂಗ್ ಅವರು 1950ರ ದಶಕದಲ್ಲಿ ಇದನ್ನು ಕೈಗೆತ್ತಿಕೊಂಡರು. ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಸಸ್ಯದ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಜೀವಕೋಶಗಳೊಳಗಿನ ಜೀವರಸ ಹರಿದಾಡುವುದನ್ನು ಕಣ್ಣಾರೆ ನೋಡಬಹುದು. ಸಮೀಪದಲ್ಲಿ ಶ್ರುತಿ ಕವೆಯನ್ನು ನುಡಿಸಿದಾಗ ಈ ಹರಿದಾಟ ಚುರುಕಾಗುತ್ತದೆಂದು ಅವರು ಕಂಡರು. ಮುಂದೆ ಗೌರಿ ಹೂವಿನ ಗಿಡಗಳಿಗೆ ದಿನವೂ ಸುಮಾರು 25 ನಿಮಿಷ ವೀಣೆಯನ್ನು ಕೇಳಿಸಿದರು. ಸಂಗೀತ ಕೇಳಿದ ಗಿಡಗಳಲ್ಲಿ ಕೇಳದವುಗಳಿಗಿಂತ ಎಲೆಗಳು ಶೇ. 72ರಷ್ಟು ಹೆಚ್ಚಿದ್ದವು, ಎತ್ತರ ಶೇ. 20ರಷ್ಟು ಹೆಚ್ಚಿತ್ತು ಎಂದು ವರದಿಯಾಯಿತು.

ರೈತರಿಗೆ ನೇರವಾಗಿ ಸಂಬಂಧಿಸಿದ್ದು ಇದರ ನಂತರದ ಭಾಗ. 1960ರಿಂದ 1963ರವರೆಗೆ ಅಂದಿನ ಮದರಾಸು ರಾಜ್ಯ ಮತ್ತು ಪಾಂಡಿಚೇರಿಯ ಏಳು ಗ್ರಾಮಗಳ ಭತ್ತದ ಗದ್ದೆಗಳಲ್ಲಿ ಗ್ರಾಮಫೋನು ಮತ್ತು ಧ್ವನಿವರ್ಧಕದ ಮೂಲಕ ಚಾರುಕೇಶಿ ರಾಗವನ್ನು ಕೇಳಿಸಲಾಯಿತು. ಅಲ್ಪಾವಧಿ, ಮಧ್ಯಮಾವಧಿ, ದೀರ್ಘಾವಧಿ ತಳಿಗಳೆಲ್ಲವೂ ಈ ಪ್ರಯೋಗದಲ್ಲಿದ್ದವು. ಇಳುವರಿಯು ಆ ಪ್ರದೇಶದ ಸರಾಸರಿಗಿಂತ ಶೇ. 25ರಿಂದ 60ರಷ್ಟು ಹೆಚ್ಚಾಯಿತೆಂದು ತಿಳಿಸಲಾಯಿತು. 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ದಿ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್’ ಎಂಬ ಪುಸ್ತಕದ ಮೂಲಕ ಈ ಅಂಕಿಗಳು ದೇಶವಿದೇಶಗಳಿಗೆ ಹರಡಿದವು. ಇಂದಿಗೂ ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ಇದನ್ನೇ ಆಧರಿಸಿರುತ್ತವೆ.

ಈ ವಾಕ್ಯದಲ್ಲಿ ‘ಪ್ರದೇಶದ ಸರಾಸರಿಗಿಂತ’ ಎಂಬ ಮಾತನ್ನು ವಿಸ್ತರಣಾ ಕಾರ್ಯಕರ್ತರು ಎರಡು ಸಲ ಓದಬೇಕು. ಪ್ರದೇಶದ ಸರಾಸರಿ ಎಂದರೆ ನೀರು ಸಾಲದ ಗದ್ದೆ, ಗೊಬ್ಬರ ಕಾಣದ ಗದ್ದೆ, ತಡವಾಗಿ ನಾಟಿಯಾದ ಗದ್ದೆ, ಕಾಂಡಕೊರಕ ಬಿದ್ದ ಗದ್ದೆ ಎಲ್ಲವೂ ಸೇರಿದ ಲೆಕ್ಕ. ವಿಶ್ವವಿದ್ಯಾನಿಲಯದವರು ಬಂದು ಪ್ರಯೋಗ ನಡೆಸಲು ಒಪ್ಪಿಕೊಳ್ಳುವ ರೈತ ಸಾಮಾನ್ಯವಾಗಿ ಸರಾಸರಿ ರೈತನಾಗಿರುವುದಿಲ್ಲ. ಅವನ ಗದ್ದೆ ಯಾವ ರಾಗವನ್ನೂ ಕೇಳಿಸದೆ ಇದ್ದರೂ ಸರಾಸರಿಗಿಂತ ಮುಂದಿರುತ್ತದೆ. ಯಾವುದೇ ಪ್ರಗತಿಪರ ರೈತನ ಹೊಲವನ್ನು ತಾಲ್ಲೂಕಿನ ಸರಾಸರಿಯೊಂದಿಗೆ ಹೋಲಿಸಿದರೆ ಶೇ. 25ರ ವ್ಯತ್ಯಾಸ ಸಿಗುವುದು ಕಷ್ಟವೇನಲ್ಲ. ಅದೇ ಗದ್ದೆಯಲ್ಲಿ, ಅದೇ ಹಂಗಾಮಿನಲ್ಲಿ, ಅದೇ ಬೇಸಾಯದಲ್ಲಿ ಸಂಗೀತವಿಲ್ಲದ ಹೋಲಿಕೆ ತಾಕು ಇದ್ದು, ಅದಕ್ಕಿಂತ ಎಷ್ಟು ಹೆಚ್ಚು ಬಂದಿತೆಂದು ಹೇಳಿದ್ದರೆ ಮಾತು ಬೇರೆಯಾಗುತ್ತಿತ್ತು.

ಹೀಗೆಂದು ಡಾ. ಸಿಂಗ್ ಅವರ ಕೆಲಸವನ್ನು ತಳ್ಳಿಹಾಕುವುದು ಸರಿಯಲ್ಲ. ಸಸ್ಯಕ್ಕೆ ಶಬ್ದದ ಅರಿವಾಗಬಹುದೇ ಎಂಬ ಅವರ ಪ್ರಶ್ನೆ ಒಳ್ಳೆಯ ಪ್ರಶ್ನೆಯಾಗಿತ್ತು. ಅದಕ್ಕೆ ಅರ್ಧ ಶತಮಾನದ ಬಳಿಕ ಉತ್ತರಗಳು ಸಿಗತೊಡಗಿವೆ.

ಇತರೆಡೆ ನಡೆದ ಪ್ರಯತ್ನಗಳು

ಸಸ್ಯಗಳಿಗೆ ವಾದ್ಯ ನುಡಿಸಿದ ವಿಜ್ಞಾನಿಗಳಲ್ಲಿ ಚಾರ್ಲ್ಸ್ ಡಾರ್ವಿನ್ ಅವರೂ ಒಬ್ಬರು. ಮುಟ್ಟಿದರೆ ಮುನಿಯಂತೆ ಎಲೆ ಮಡಚುವ ಬಯೋಫೈಟಮ್ ಎಂಬ ಗಿಡದ ಮೊಳಕೆ ಎಲೆಗಳು ಮೇಜಿನ ಅಲುಗಾಟಕ್ಕೂ ಸ್ಪಂದಿಸುವುದನ್ನು ಕಂಡು, ಶಬ್ದಕ್ಕೂ ಸ್ಪಂದಿಸಬಹುದೇನೋ ಎಂದು ತಮ್ಮ ಮಗ ಫ್ರಾನ್ಸಿಸ್‌ನಿಂದ ಗಿಡದ ಪಕ್ಕದಲ್ಲಿ ಬಸೂನ್ ಎಂಬ ಊದುವ ವಾದ್ಯವನ್ನು ನುಡಿಸಿದ್ದರು. ಇಂತಹವುಗಳನ್ನು ಅವರೇ ‘ಮೂರ್ಖನ ಪ್ರಯೋಗ’ ಎಂದು ತಮಾಷೆ ಮಾಡುತ್ತಿದ್ದರು. ನಮ್ಮಲ್ಲಿ ಈ ವಿಷಯ ಬಂದಾಗಲೆಲ್ಲ ಸರ್ ಜಗದೀಶಚಂದ್ರ ಬೋಸರ ಹೆಸರನ್ನು ಎಳೆದು ತರುವುದು ರೂಢಿ. ಬೋಸರು ಬೆಳವಣಿಗೆಯನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ರಚಿಸಿದವರು. ಅವರು ಮುಖ್ಯವಾಗಿ ಅಧ್ಯಯನ ಮಾಡಿದ್ದು ಸ್ಪರ್ಶ, ಶಾಖ, ವಿದ್ಯುತ್ತು ಮತ್ತು ರಾಸಾಯನಿಕಗಳಿಗೆ ಸಸ್ಯ ತೋರುವ ಸ್ಪಂದನವನ್ನು. ಸಂಗೀತದಿಂದ ಇಳುವರಿ ಹೆಚ್ಚುತ್ತದೆಂಬುದಕ್ಕೆ ಅವರ ಹೆಸರನ್ನು ಆಧಾರವಾಗಿ ಬಳಸುವುದು ತರವಲ್ಲ.

ಅಮೆರಿಕದ ಡೆನ್ವರ್ ನಗರದಲ್ಲಿ ಡೊರೊತಿ ರೆಟಾಲಾಕ್ ಎಂಬ ಮಹಿಳೆ ನಡೆಸಿದ ಪ್ರಯೋಗಗಳು 1973ರಲ್ಲಿ ಪುಸ್ತಕವಾಗಿ ಬಂದವು. ಗಿಡಗಳು ಸಿತಾರಿನ ಕಡೆಗೆ ಬಾಗಿದವು, ಅಬ್ಬರದ ರಾಕ್ ಸಂಗೀತದಿಂದ ದೂರ ಸರಿದು ಬಾಡಿದವು ಎಂದು ಅದರಲ್ಲಿ ಹೇಳಿದೆ. ಓದಲು ಸೊಗಸಾಗಿದೆ. ಆದರೆ ಬಳಸಿದ ಗಿಡಗಳ ಸಂಖ್ಯೆ ತೀರ ಕಡಿಮೆ. ಬೆಳಕು, ನೀರು, ಗಾಳಿಯ ತೇವಾಂಶ ಎರಡೂ ಕಡೆ ಒಂದೇ ಸಮನಾಗಿದ್ದವೆಂಬುದಕ್ಕೆ ಭರವಸೆ ಸಾಲದು ಎಂದು ವಿಜ್ಞಾನಿಗಳು ಆಕ್ಷೇಪಿಸಿದರು.

ಇದಕ್ಕೂ ಮುಂಚೆಯೇ, 1965ರಲ್ಲಿ, ಕ್ಲೈನ್ ಮತ್ತು ಎಡ್ಸಾಲ್ ಎಂಬ ಇಬ್ಬರು ವಿಜ್ಞಾನಿಗಳು ಚೆಂಡು ಹೂವಿನ ಗಿಡಗಳಿಗೆ ಚರ್ಚಿನ ಪ್ರಾರ್ಥನಾ ಗೀತೆಯಿಂದ ಹಿಡಿದು ಮೊಜಾರ್ಟ್, ಜಾಝ್, ಬೀಟಲ್ಸ್‌ವರೆಗೆ ನಾನಾ ಬಗೆಯ ಸಂಗೀತವನ್ನು ಕೇಳಿಸಿ, ಸಂಗೀತವಿಲ್ಲದ ಗಿಡಗಳೊಂದಿಗೆ ಎಚ್ಚರಿಕೆಯಿಂದ ಹೋಲಿಸಿದ್ದರು. ಬೆಳವಣಿಗೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪತ್ರಿಕೆಗಳು ಇದನ್ನು ನೆನೆಯುವುದು ವಿರಳ. ಏನೂ ಆಗಲಿಲ್ಲವೆಂಬ ಸುದ್ದಿಗೆ ಬೆಲೆಯಿಲ್ಲ.

ಈಚಿನ ವರ್ಷಗಳಲ್ಲಿ ಚೀನಾ ದೇಶದಲ್ಲಿ ಈ ಬಗ್ಗೆ ಹೆಚ್ಚು ಕೆಲಸ ನಡೆದಿದೆ. ಅಲ್ಲಿ ಬಳಸುವುದು ಸಂಗೀತವನ್ನಲ್ಲ, ನಿರ್ದಿಷ್ಟ ಕಂಪನ ಸಂಖ್ಯೆಯ ಶಬ್ದವನ್ನು. 2014ರ ಒಂದು ವಿಮರ್ಶಾ ಲೇಖನದ ಪ್ರಕಾರ ಹಸಿರುಮನೆಯಲ್ಲಿ ಸೌತೆಗೆ ಶೇ. 37, ದಪ್ಪ ಮೆಣಸಿನಕಾಯಿಗೆ ಶೇ. 30, ಟೊಮ್ಯಾಟೊಗೆ ಶೇ. 13ರಷ್ಟು ಇಳುವರಿ ಹೆಚ್ಚಿದೆ. ಹೊಲದ ಬೆಳೆಗಳಾದ ಗೋಧಿಯಲ್ಲಿ ಶೇ. 17, ಭತ್ತದಲ್ಲಿ ಶೇ. 5.7. ಭತ್ತದ ಅಂಕಿಯನ್ನೇ ತೆಗೆದುಕೊಳ್ಳೋಣ. ಎಕರೆಗೆ 20 ಕ್ವಿಂಟಾಲ್ ಕೊಡುವ ಗದ್ದೆಯಲ್ಲಿ ಶೇ. 5.7 ಎಂದರೆ 1 ಕ್ವಿಂಟಾಲ್ 14 ಕಿಲೋ. ಒಂದೇ ಗದ್ದೆಯ ನೀರು ಬೀಳುವ ಮೂಲೆಗೂ ನೀರು ಬಿಡುವ ಮೂಲೆಗೂ ಇದಕ್ಕಿಂತ ಹೆಚ್ಚಿನ ಅಂತರವಿರುತ್ತದೆ ಎಂಬುದು ಭತ್ತ ಬೆಳೆಯುವ ಎಲ್ಲರಿಗೂ ಗೊತ್ತು. ಚೆನ್ನಾಗಿ ನೋಡಿಕೊಂಡ ಸಂಶೋಧನಾ ಕ್ಷೇತ್ರಗಳಲ್ಲಿಯೂ ಒಂದೇ ಉಪಚಾರ ಪಡೆದ ತಾಕುಗಳ ನಡುವೆ ಶೇ. 10ರಷ್ಟು ಏರುಪೇರು ಸಾಮಾನ್ಯ. ಆದ್ದರಿಂದಲೇ ಒಂದು ಉಪಚಾರವನ್ನು ಮೂರು ನಾಲ್ಕು ತಾಕುಗಳಲ್ಲಿ ಪುನರಾವರ್ತಿಸಿ, ಎರಡು ಮೂರು ಹಂಗಾಮು ನೋಡಿ, ಆಮೇಲೆ ಶಿಫಾರಸು ಮಾಡುವ ಪದ್ಧತಿ ಇದೆ.

ಶಬ್ದದಿಂದ ಗಿಡಕ್ಕೆ ಆಗುವುದೇನು?

ಶಬ್ದವೆಂದರೆ ಗಾಳಿಯಲ್ಲಿ ಹರಡುವ ಕಂಪನ. ಅದರ ಶಕ್ತಿ ಬಹಳ ಅಲ್ಪ. ಕಿವಿಗೆ ಜೋರೆನಿಸುವ 90 ಡೆಸಿಬಲ್ ಶಬ್ದ ಒಂದು ಚದರ ಮೀಟರಿಗೆ ತರುವ ಶಕ್ತಿ ಒಂದು ವ್ಯಾಟಿನ ಸಾವಿರದ ಒಂದು ಪಾಲು ಮಾತ್ರ. ನಡುಹಗಲಿನ ಬಿಸಿಲು ಅದೇ ಜಾಗಕ್ಕೆ ಸುಮಾರು ಸಾವಿರ ವ್ಯಾಟ್ ತರುತ್ತದೆ, ಅಂದರೆ ಹತ್ತು ಲಕ್ಷ ಪಟ್ಟು ಹೆಚ್ಚು. ಹೀಗಾಗಿ ಶಬ್ದವು ಗಿಡಕ್ಕೆ ಆಹಾರವಾಗಲಾರದು, ಗೊಬ್ಬರಕ್ಕೆ ಬದಲಾಗಲಾರದು. ಸಾರಜನಕ ಸಾಲದೆ ಹಳದಿಯಾದ ಜೋಳಕ್ಕೆ ಯಾವ ರಾಗವೂ ಸಾರಜನಕ ಕೊಡುವುದಿಲ್ಲ. ಹೆಚ್ಚೆಂದರೆ ಶಬ್ದ ಒಂದು ಸೂಚನೆಯಾಗಬಹುದು. ಬಾಗಿಲು ತಟ್ಟಿದ ಸದ್ದಿನಂತೆ.

ಅಂತಹ ಸೂಚನೆಯನ್ನು ಸಸ್ಯಗಳು ಗ್ರಹಿಸುತ್ತವೆಂಬುದಕ್ಕೆ ಈಗ ಒಳ್ಳೆಯ ಆಧಾರಗಳಿವೆ. 2014ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದ ಆಪೆಲ್ ಮತ್ತು ಕೋಕ್ರಾಫ್ಟ್ ಅವರು ಎಲೆಕೋಸಿನ ಬಿಳಿ ಚಿಟ್ಟೆಯ ಮರಿಹುಳು ಎಲೆ ತಿನ್ನುವಾಗ ಉಂಟಾಗುವ ಸೂಕ್ಷ್ಮ ಕಂಪನವನ್ನು ದಾಖಲಿಸಿ, ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಗಿಡದ ಎಲೆಗೆ ಅದೇ ಕಂಪನ ಕೊಟ್ಟರು. ಅಲ್ಲಿ ಹುಳು ಇರಲಿಲ್ಲ, ಕಂಪನ ಮಾತ್ರ. ಆಮೇಲೆ ನಿಜವಾದ ಹುಳು ಬಿಟ್ಟಾಗ, ಕಂಪನ ಪಡೆದಿದ್ದ ಗಿಡಗಳು ಸಾಸಿವೆಯ ಘಾಟಿಗೆ ಕಾರಣವಾದ ರಕ್ಷಕ ರಾಸಾಯನಿಕಗಳನ್ನು ಹೆಚ್ಚು ತಯಾರಿಸಿದವು. ಗಾಳಿಯ ಕಂಪನಕ್ಕಾಗಲಿ, ಜಿಗಿಹುಳುವಿನ ಸದ್ದಿಗಾಗಲಿ ಹೀಗಾಗಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಬಟಾಣಿಯ ಬೇರು ಕೊಳವೆಯಲ್ಲಿ ಹರಿಯುವ ನೀರಿನ ಸದ್ದಿನತ್ತ ತಿರುಗಬಲ್ಲದೆಂದು ತೋರಿಸಿದರು. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾನಿಲಯದಲ್ಲಿ 2019ರಲ್ಲಿ ಪ್ರಕಟವಾದ ಕೆಲಸದಲ್ಲಿ, ಹಾರುವ ಜೇನಿನ ಸದ್ದು ಕೇಳಿಸಿದ ಮೂರು ನಿಮಿಷದೊಳಗೆ ಈನೋಥೆರಾ ಎಂಬ ಹೂವಿನ ಮಕರಂದದಲ್ಲಿ ಸಕ್ಕರೆಯ ಅಂಶ ಏರಿತು.

ಈ ಮೂರೂ ಕೆಲಸಗಳಲ್ಲಿ ಗಿಡ ಸ್ಪಂದಿಸಿದ್ದು ತನ್ನ ಬದುಕಿಗೆ ಬೇಕಾದ ಸದ್ದಿಗೆ. ತಿನ್ನುವ ಹುಳು, ಹರಿಯುವ ನೀರು, ಬರುವ ಜೇನು. ಖರಹರಪ್ರಿಯವಾಗಲಿ, ಬೀಥೋವನ್ ಆಗಲಿ ಗಿಡದ ಬದುಕಿನಲ್ಲಿ ಯಾವ ಅರ್ಥವನ್ನೂ ಹೊಂದಿಲ್ಲ. ರಾಗದ ಇಂಪು ಕೇಳುವವನ ಮನಸ್ಸಿನಲ್ಲಿದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕಂಪನ ಅಥವಾ ಅಲುಗಾಟ ಎಂದರೆ ಯಾವಾಗಲೂ ಬೆಳವಣಿಗೆ ಹೆಚ್ಚುತ್ತದೆ ಎಂದಲ್ಲ. ಪದೇ ಪದೇ ಅಲುಗಿಸಿದ, ಉಜ್ಜಿದ ಗಿಡಗಳು ಗಿಡ್ಡವಾಗಿ, ಕಾಂಡ ದಪ್ಪವಾಗಿ ಬೆಳೆಯುತ್ತವೆ. ಅಮೆರಿಕದ ಜಾಫಿ ಎಂಬ ವಿಜ್ಞಾನಿ 1973ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಜಪಾನಿನ ರೈತರು ಚಳಿಗಾಲದಲ್ಲಿ ಎಳೆಯ ಗೋಧಿಯನ್ನು ಕಾಲಿನಿಂದ ತುಳಿಯುವ ಪದ್ಧತಿಯನ್ನು ಬಹು ಹಿಂದಿನಿಂದ ಇಟ್ಟುಕೊಂಡಿದ್ದರು. ತರಕಾರಿ ಸಸಿಮಡಿಯಲ್ಲಿ ಸಸಿಗಳು ಬಡಕಲಾಗಿ ಉದ್ದ ಎಳೆಯುವುದನ್ನು ತಡೆಯಲು ದಿನಕ್ಕೆ ಕೆಲವು ಬಾರಿ ಮೃದುವಾದ ಕೋಲಿನಿಂದ ಅವುಗಳ ತಲೆ ಸವರುವುದುಂಟು. ಹೊರಗಿನ ಗಾಳಿ ಇದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ.

ತೋಟದಲ್ಲಿ ಸಂಗೀತ ಹಾಕಿದ ಮೇಲೆ ಬೆಳೆ ಸುಧಾರಿಸಿತು ಎನ್ನುವ ರೈತ ಸುಳ್ಳು ಹೇಳುತ್ತಿಲ್ಲ. ಯಂತ್ರ ಚಾಲೂ ಮಾಡಲು ಅವನು ದಿನಕ್ಕೆರಡು ಸಲ ತೋಟಕ್ಕೆ ಹೋಗುತ್ತಾನೆ. ಹೋದಾಗ ಒಡೆದ ಹನಿ ನೀರಾವರಿ ಕೊಳವೆ ಕಣ್ಣಿಗೆ ಬೀಳುತ್ತದೆ, ಎಲೆಯಡಿಯ ನುಸಿ ಬೇಗ ಸಿಕ್ಕಿಬೀಳುತ್ತದೆ. ಕೆಲಸಗಾರರೂ ಹಾಡು ಕೇಳುತ್ತ ಬೇಸರವಿಲ್ಲದೆ ಕಳೆ ಕೀಳುತ್ತಾರೆ. ನಮ್ಮ ಹೆಣ್ಣುಮಕ್ಕಳು ನಾಟಿ ಮಾಡುವಾಗ ಹಾಡುತ್ತಿದ್ದುದೂ ಭತ್ತಕ್ಕಾಗಿ ಅಲ್ಲ, ಬಗ್ಗಿದ ಬೆನ್ನಿಗಾಗಿ. ಇದರಿಂದ ಬರುವ ಲಾಭ ನಿಜವಾದ ಲಾಭವೇ. ಅದಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ.

ಪರೀಕ್ಷಿಸಿ ನೋಡುವ ಬಗೆ

ಸ್ವತಃ ನೋಡಿ ತಿಳಿಯಬೇಕೆನ್ನುವವರಿಗೆ ಪರೀಕ್ಷೆ ಕಷ್ಟವಲ್ಲ, ತಾಳ್ಮೆ ಬೇಕು. ಶಬ್ದದ ಪರೀಕ್ಷೆಯಲ್ಲಿ ಒಂದು ವಿಶೇಷ ತೊಡಕಿದೆ. ಗೊಬ್ಬರವನ್ನು ಒಂದು ತಾಕಿಗೆ ಹಾಕಿ ಪಕ್ಕದ ತಾಕಿಗೆ ಬಿಡಬಹುದು. ಶಬ್ದ ಬದು ನೋಡಿ ನಿಲ್ಲುವುದಿಲ್ಲ. ಹೋಲಿಕೆ ತಾಕನ್ನು ದೂರಕ್ಕೆ ಒಯ್ದರೆ ಅಲ್ಲಿ ಮಣ್ಣೇ ಬೇರೆ. ಆದುದರಿಂದ ಮೊದಲು ಕುಂಡಗಳಲ್ಲಿ ನೋಡುವುದು ಉತ್ತಮ.

ಒಂದೇ ಅಳತೆಯ 40 ಕುಂಡಗಳಿಗೆ ಒಂದೇ ರಾಶಿಯಿಂದ ಮಣ್ಣು, ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಿ, ಒಂದೇ ಚೀಲದ ಅಲಸಂದೆ ಬೀಜ ಬಿತ್ತಿ, ಮೊಳೆತ ಮೇಲೆ ಕುಂಡಕ್ಕೆ ಒಂದು ಸಸಿ ಉಳಿಸಬೇಕು. ಯಾವ ಕುಂಡ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಕಣ್ಣಳತೆಯಲ್ಲಿ ಆರಿಸಿದರೆ ಚೆನ್ನಾಗಿರುವ ಸಸಿಗಳು ಮನಸ್ಸಿಗೆ ಬೇಕಾದ ಗುಂಪಿಗೆ ಹೋಗಿಬಿಡುತ್ತವೆ. ಎರಡು ಗುಂಪುಗಳನ್ನು ಒಂದರ ಸದ್ದು ಇನ್ನೊಂದಕ್ಕೆ ಕೇಳದಷ್ಟು ದೂರದಲ್ಲಿ, ಬಿಸಿಲು ಸಮನಾಗಿ ಬೀಳುವ ಎರಡು ಚಪ್ಪರಗಳಲ್ಲಿಡಬೇಕು. ಎರಡು ಕಡೆಯೂ ಯಂತ್ರ ಇರಬೇಕು. ಒಂದರಲ್ಲಿ ಸಂಗೀತ, ಇನ್ನೊಂದರಲ್ಲಿ ಮೌನ. ನೀರನ್ನು ಲೋಟದಲ್ಲಿ ಅಳೆದು ಹಾಕಬೇಕು. ವಾರಕ್ಕೊಮ್ಮೆ ಗಿಡಗಳನ್ನೂ ಸಂಗೀತವನ್ನೂ ಚಪ್ಪರದಿಂದ ಚಪ್ಪರಕ್ಕೆ ಅದಲುಬದಲು ಮಾಡಿದರೆ ಜಾಗದ ಗುಣ ಎರಡು ಗುಂಪಿಗೂ ಸಮನಾಗಿ ಹಂಚಿಹೋಗುತ್ತದೆ. 30 ದಿನಗಳ ನಂತರ ಗಿಡಗಳನ್ನು ಬುಡದಲ್ಲಿ ಕೊಯ್ದು, ಒಣಗಿಸಿ, ಒಂದೊಂದಾಗಿ ತೂಗಬೇಕು. ತೂಗುವವನಿಗೆ ಯಾವ ಗಿಡ ಯಾವ ಗುಂಪಿನದೆಂದು ತಿಳಿದಿರಬಾರದು, ಚೀಟಿಯಲ್ಲಿ ಸಂಖ್ಯೆ ಮಾತ್ರ ಇರಲಿ. ಇಷ್ಟನ್ನು ಮೂರು ಬಾರಿ ಮಾಡಿ, ಮೂರರಲ್ಲೂ ಸಂಗೀತದ ಗುಂಪೇ ಮುಂದಿದ್ದರೆ ಹೊಲಕ್ಕೆ ಹೋಗಬಹುದು. ಶಾಲೆಯ ಮಕ್ಕಳಿಂದಲೂ ಇದನ್ನು ಮಾಡಿಸಬಹುದು.

ಹೊಲದಲ್ಲಿ ಕನಿಷ್ಠ ಮೂರು ಹಂಗಾಮು ಬೇಕು. ಸಾಕಷ್ಟು ಅಂತರದ ಎರಡು ಹೊಲ ಆರಿಸಿ, ಮೊದಲ ಹಂಗಾಮಿನಲ್ಲಿ ಸಂಗೀತವಿಲ್ಲದೆ ಎರಡರ ಇಳುವರಿಯನ್ನೂ ಬರೆದಿಡಬೇಕು. ಎರಡನೆಯ ಹಂಗಾಮಿನಲ್ಲಿ ಒಂದಕ್ಕೆ, ಮೂರನೆಯದರಲ್ಲಿ ಇನ್ನೊಂದಕ್ಕೆ ಸಂಗೀತ ಕೊಡಬೇಕು. ಅಳತೆಗೆ ಬೆಳೆ ಕಟಾವು ಪ್ರಯೋಗದಂತೆ ಪ್ರತಿ ಹೊಲದಲ್ಲಿ ಐದಾರು ಕಡೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಗುರುತಿಸಿ, ಕೊಯ್ದು, ಒಣಗಿಸಿ ತೂಗುವುದು ಸೂಕ್ತ. ಶಬ್ದ ಕೊಟ್ಟ ಹೊಲದಲ್ಲಿ ಪೋಷಕಾಂಶ ಸಿಂಪಡಿಸಿದರೆ ಇನ್ನೊಂದರಲ್ಲೂ ಸಿಂಪಡಿಸಲೇಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ಹೆಸರಾದ ಒಂದು ಪದ್ಧತಿಯಲ್ಲಿ ಶಬ್ದದೊಂದಿಗೆ ಎಲೆಗಳ ಮೇಲೆ ಪೋಷಕಾಂಶವನ್ನೂ ಸಿಂಪಡಿಸುತ್ತಿದ್ದರು. ಗುಣ ಬಂದದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಹೇಗೆ?

ಧ್ವನಿವರ್ಧಕ ಬಳಸುವವರು ಕಾನೂನನ್ನೂ ನೆನಪಿಡಬೇಕು. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದಕ್ಕೆ ನಿರ್ಬಂಧವಿದೆ.

ಕಂಪನ ನಿಜವಾಗಿ ಫಲ ಕೊಡುವ ಕಡೆ

ಕಂಪನದಿಂದ ಇಳುವರಿ ಹೆಚ್ಚುವ ಒಂದು ಸಂದರ್ಭ ಮಾತ್ರ ಸಂಶಯಕ್ಕೆ ಎಡೆಯಿಲ್ಲದೆ ತಿಳಿದಿದೆ. ಅದು ಟೊಮ್ಯಾಟೊ ಹೂವಿನಲ್ಲಿ. ಈ ಹೂವಿನ ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಂತಾಗಿವೆ. ಪರಾಗ ಅದರೊಳಗಿರುತ್ತದೆ, ಹೂ ಅಲುಗಿದರೆ ಉದುರುತ್ತದೆ. ಬದನೆಯಲ್ಲಿ ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರಗಳಿವೆ, ಅಲ್ಲಿಯೂ ಅಲುಗಾಟವೇ ಬೇಕು. ಬಯಲಿನಲ್ಲಿ ಗಾಳಿ ಮತ್ತು ಕೆಲವು ಕಾಡು ಜೇನುಗಳು ಇದನ್ನು ಮಾಡುತ್ತವೆ. ಒಣಮರ, ಬಿದಿರು ಕೊರೆದು ಗೂಡು ಮಾಡುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನು ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುತ್ತವೆ. ಆಗ ಪರಾಗ ಪುಡಿಯಂತೆ ಉದುರುತ್ತದೆ. ನಮಗೆ ಕೇಳುವ ಗುಂಯ್ ಸದ್ದು ಆ ನಡುಕದ ಜೊತೆಗೆ ಬರುವಂಥದು. ಕೆಲಸ ಮಾಡುವುದು ಹೂವಿಗೆ ತಾಗಿದ ಮೈಯ ನಡುಕ. ಆದ್ದರಿಂದ ದುಂಬಿಯ ಸದ್ದನ್ನು ಧ್ವನಿವರ್ಧಕದಲ್ಲಿ ಹಾಕಿ ಕುಳಿತರೆ ಪ್ರಯೋಜನವಿಲ್ಲ. ಪೆಟ್ಟಿಗೆಯಲ್ಲಿ ಸಾಕುವ ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಕೀಟ ನಿರೋಧಕ ಬಲೆ ಹಾಕಿದ ಪಾಲಿಹೌಸಿನೊಳಗೆ ಗಾಳಿಯೂ ಕಡಿಮೆ, ದುಂಬಿಯೂ ಬಾರದು. ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ, ಕಚ್ಚಿದರೂ ಬೀಜ ತುಂಬದೆ ಸಣ್ಣದಾಗಿ ಉಳಿಯುತ್ತದೆ. ಯೂರೋಪಿನಲ್ಲಿ 1980ರ ದಶಕದ ಕೊನೆಯಲ್ಲಿ ಸಾಕಿದ ದೊಡ್ಡ ದುಂಬಿಜೇನುಗಳು ಬಳಕೆಗೆ ಬರುವವರೆಗೆ ಕೆಲಸಗಾರರು ಬ್ಯಾಟರಿಯಿಂದ ನಡುಗುವ ಕಡ್ಡಿಯನ್ನು ಹಿಡಿದು ಗೊಂಚಲಿಂದ ಗೊಂಚಲಿಗೆ ಹೋಗುತ್ತಿದ್ದರು. ಪಾಲಿಹೌಸಿನಲ್ಲಿ ಟೊಮ್ಯಾಟೊ ಬೆಳೆಯುವ ನಮ್ಮ ರೈತರೂ ಇದನ್ನೇ ಅನುಸರಿಸಬಹುದು. ಬ್ಯಾಟರಿಯಿಂದ ನಡೆಯುವ ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯನ್ನು ಹೂಗೊಂಚಲಿನ ತೊಟ್ಟಿಗೆ ಒಂದೆರಡು ಸೆಕೆಂಡು ತಾಗಿಸಿದರೆ ಸಾಕು. ಹೂವಿಗೇ ತಾಗಿಸಬಾರದು, ಗಾಯವಾಗುತ್ತದೆ. ಅದೂ ಇಲ್ಲದಿದ್ದರೆ ಗಿಡಗಳನ್ನು ಎತ್ತಿ ಕಟ್ಟಿದ ತಂತಿಯನ್ನು ಕೋಲಿನಿಂದ ಹಗುರವಾಗಿ ತಟ್ಟುತ್ತ ಸಾಲಿನುದ್ದಕ್ಕೂ ನಡೆಯಬೇಕು. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ಇಬ್ಬನಿ ಆರಿ ಪರಾಗ ಒಣಗಿರುವಾಗ, ಎರಡು ದಿನಕ್ಕೊಮ್ಮೆ ಮಾಡುವುದು ಸೂಕ್ತ. ಮೋಡ ಕವಿದು ತೇವ ಹೆಚ್ಚಿದ ದಿನ ಪರಾಗ ಅಂಟಿಕೊಳ್ಳುವುದರಿಂದ ಆ ದಿನ ಬಿಟ್ಟು ಮರುದಿನ ಮಾಡಬಹುದು. ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗವೇ ಕೆಡುವುದರಿಂದ ಎಷ್ಟು ಅಲುಗಿಸಿದರೂ ಕಾಯಿ ನಿಲ್ಲದು. ಅಂತಹ ದಿನಗಳಲ್ಲಿ ಮೊದಲು ನೆರಳು ಪರದೆ ಎಳೆದು, ಪಕ್ಕದ ಪರದೆಗಳನ್ನು ಎತ್ತಿ ಗಾಳಿ ಆಡುವಂತೆ ಮಾಡಬೇಕು.

ಬಯಲಿನಲ್ಲಿ ಟೊಮ್ಯಾಟೊ, ಬದನೆ ಬೆಳೆಯುವವರಿಗೆ ಈ ಕೆಲಸ ಬೇಕಿಲ್ಲ. ಅವರು ಹೂವಿನ ಕಾಲದಲ್ಲಿ ಕೀಟನಾಶಕವನ್ನು ಸಂಜೆ, ದುಂಬಿಗಳು ಹಿಂದಿರುಗಿದ ಮೇಲೆ ಸಿಂಪಡಿಸಬೇಕು. ಬೇಲಿಯಲ್ಲಿರುವ ಒಣ ಬಿದಿರು, ಹಳೆಯ ಮರದ ತುಂಡುಗಳಲ್ಲಿ ದುಂಬಿಯ ತೂತು ಕಂಡರೆ ಅವನ್ನು ಸೌದೆಗೆ ಒಯ್ಯದೆ ಹಾಗೆಯೇ ಬಿಡಬೇಕು.